ಬೀಳಲಿಕ್ಕೊಂದು ಹುಲ್ಲುಹಾಸು

ಅವರ ಎಡಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಒಂದು ಎಳೆ ಕೂತಿರುತ್ತಿತ್ತು. ಸ್ನಾನ ಮಾಡಿ, ವಿಭೂತಿ ಧರಿಸಿ, ಮಡಿಧೋತರ ಉಟ್ಟು ಹೊರಗೆ ಬಂದರೂ ಅದು ಅಲ್ಲಿಯೇ ಇರುತ್ತಿತ್ತು. ದಾವಣಗೆರೆಯ ಮಂಡಿಯಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲಗಳ ಹೊಟ್ಟೆಗೆ ಕೈ ಹಾಕಿ, ಒಂದು ಹಿಡಿ ಹಿರಿದು, ಬೆರಳುಗಳ ನಡುವೆ ಎಳೆದು ನೋಡಿ ಅದರ ದರ್ಜೆ ಹೇಳುವುದು ಅವರ ಕಸುಬು. ಹಾಗೆ ಎಳೆದೂ ಎಳೆದೂ ಬಲಗೈಯ ಹೆಬ್ಬೆರಳು ಚಪ್ಪಟೆಯಾಗಿತ್ತು. ನಾನು ಅವರನ್ನು ಹತ್ತಿಯಜ್ಜ ಎಂದು ಕರೆಯುತ್ತಿದ್ದೆ. ನಿಜಕ್ಕೆ ಅವರು ನಮ್ಮ ಅಜ್ಜನಲ್ಲ, ಮನೆಯ ಮಾಲೀಕರು. ಅವರ ಹಿತ್ತಲ ಕಡೆಯ ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು.

ಎಳೆ ಉದ್ದವಿದ್ದರೆ ನೂಲು ತಾಳುತ್ತದೆ, ಇಲ್ಲವಾದರೆ ಹರಿಯುತ್ತದೆ. ಅವರ ಲೋಕಜ್ಞಾನವೆಲ್ಲ ಇಷ್ಟರಲ್ಲೇ ಅಡಗಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಆ ಹೆಬ್ಬೆರಳಿನಿಂದ ತಿಕ್ಕಿ ನೋಡುವರು: ಅಂಗಡಿಯ ಬಟ್ಟೆ, ನನ್ನ ಜಡೆಯ ತುದಿ, ಅವರ ಹೆಂಡತಿ, ನನ್ನ ಪಾಲಿನ ಅಜ್ಜಿ, ಹೋಳಿಗೆಗೆ ನಾದಿದ ಕಣಕ. ಮನಸ್ಸಿಗೆ ಬಂದರೆ "ಎಳೆ ಐತೆ" ಎನ್ನುವರು. ಮನುಷ್ಯರಿಗೂ ಅದೇ ಅಳತೆ. ನೆರೆಮನೆಗೆ ಹೆಣ್ಣು ನೋಡಲು ಬಂದಿದ್ದ ವರನ ಎದುರಿಗೇ, "ಹುಡುಗ ನುಣ್ಣಗೇನೋ ಅದಾನೆ, ಎಳೆ ಇಲ್ಲ" ಎಂದುಬಿಟ್ಟಿದ್ದರು. ಆ ಮನೆಯವರು ಬಹಳ ಕಾಲ ಅವರ ಮುಖ ನೋಡಲಿಲ್ಲ.

ಇನ್ನು ನನ್ನ ವಿಷಯ. ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಎಡಗಾಲಿನ ಶಕ್ತಿ ಹೋಯಿತು. ಡಾಕ್ಟರು ಕಬ್ಬಿಣದ ಪಟ್ಟಿ ಕಟ್ಟಿದ ಬೂಟು ಹಾಕಿಸಿ, "ದಿನಾ ನಡೆಸಿರಿ, ಬಿಟ್ಟರೆ ಕಾಲು ಸೋತುಹೋಗುತ್ತದೆ" ಎಂದಿದ್ದರು. ಅಂಗಳದಲ್ಲೋ ಬರೀ ಗರಸು ಮತ್ತು ಕಲ್ಲು. ಒಂದು ದಿನ ಮುಗ್ಗರಿಸಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡೆ. ಅಲ್ಲಿಗೆ ಮುಗಿಯಿತು. ಬೂಟು ಕಂಡರೆ ಕಿರುಚುತ್ತಿದ್ದೆ. ಅವ್ವ ಗದರಿದಳು, ಅಪ್ಪ ಪೆಪ್ಪರ್‌ಮೆಂಟು ತಂದರು. ಪೆಪ್ಪರ್‌ಮೆಂಟು ತಿಂದೆನೇ ಹೊರತು ಕಟ್ಟೆ ಬಿಟ್ಟು ಇಳಿಯಲಿಲ್ಲ.

ಹತ್ತಿಯಜ್ಜ ಇದನ್ನೆಲ್ಲ ನೋಡಿ ಅವ್ವನಿಗೆ ಹೇಳಿದರು: "ಕೂಸು ನಡೆಯಾಕ ಹೆದರಿಲ್ಲಮ್ಮ, ಬೀಳಾಕ ಹೆದರೈತೆ. ಬೀಳಾಕ ಒಂದು ಜಾಗ ಮಾಡಿಕೊಟ್ರೆ ಆತು ಬಿಡು. ಸಾಹೇಬರ ಬಂಗ್ಲೆ ಮುಂದ ಇರ್ತೈತಲ್ಲ, ಅಂಥ ಹುಲ್ಲು ಹಾಕ್ತೀನಿ."

ಆಗಿನ ದಾವಣಗೆರೆಯಲ್ಲಿ ಮನೆ ಮುಂದೆ ಹುಲ್ಲು ಬೆಳೆಸುವವರು ಎಲ್ಲಿದ್ದರು? ಓಣಿಗೆ ಸುದ್ದಿ ಹಬ್ಬಿತು. "ಎಮ್ಮೆ ಯಾವಾಗ ಬರ್ತೈತ್ರಿ ಯಜಮಾನ್ರೆ?" ಎಂದು ಹೋಗಿ ಬರುವವರೆಲ್ಲ ಕೇಳತೊಡಗಿದರು. ಅವರು ಮಾತ್ರ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹುಲ್ಲು ಆರಿಸಲು ಹೊರಟರು. ಮೊದಲು ಹೆಬ್ಬೆರಳ ಪರೀಕ್ಷೆ. ಅದರಲ್ಲಿ ಪಾಸಾದರೆ ನನ್ನನ್ನು ಪಕ್ಕಕ್ಕೆ ಇಳಿಸಿ, ಆ ಭಾರಿ ಶರೀರವನ್ನು ಹೊತ್ತು ಹುಲ್ಲಿನ ಮೇಲೆ ದೊಪ್ಪನೆ ಬೀಳುವರು! ಹರಿಹರದಲ್ಲಿ ಒಬ್ಬ ಅಧಿಕಾರಿಯ ಬಂಗಲೆಯಲ್ಲಿ ಹೀಗೆ ಬಿದ್ದಾಗ ಮಾಲಿ ಗಾಬರಿಯಾಗಿ ಓಡಿಬಂದು ಮುಖಕ್ಕೆ ನೀರು ಚಿಮುಕಿಸಿದ. "ನೀರು ಯಾಕ ಹೊಡೀತಿಯೋ? ಹುಲ್ಲು ನೋಡ್ತಾ ಇದೀನಿ, ತಡಿ" ಎಂದು ಮಲಗಿದಲ್ಲೇ ಗದರಿದರು.

ಆ ಬಂಗಲೆಯ ಹುಲ್ಲೇ ಅವರಿಗೆ ಮೆಚ್ಚುಗೆಯಾಯಿತು. ದೊಡ್ಡ ಮರಗಳ ನೆರಳಲ್ಲಿ ಬೆಳೆದದ್ದು, ಅಗಲ ಎಲೆ, ಮುಟ್ಟಿದರೆ ಒಗೆದ ಮಲ್ಲು ಬಟ್ಟೆಯ ಹಾಗೆ. ಅಧಿಕಾರಿಯ ಒಪ್ಪಿಗೆ ಪಡೆದು, ಬೇರು ಮಣ್ಣು ಸಮೇತ ಚಪ್ಪಡಿಯಂತೆ ಎಬ್ಬಿಸಿದರು. ಒದ್ದೆ ಗೋಣಿತಾಟಿನಲ್ಲಿ ಹತ್ತಿಯನ್ನು ಸುತ್ತುವ ಹಾಗೆಯೇ ಸುತ್ತಿ ಗಾಡಿಯಲ್ಲಿ ಊರಿಗೆ ತಂದರು.

ನಮ್ಮದು ಕಪ್ಪುಮಣ್ಣು. ಗರಸು ತೆಗೆದು ಆ ಮಣ್ಣಿನ ಮೇಲೆಯೇ ಹುಲ್ಲು ಹಾಸಿದರು. ನೆತ್ತಿಯ ಮೇಲೆ ದಾವಣಗೆರೆಯ ಬಿಸಿಲು, ಮರವೆಂಬುದು ಒಂದೂ ಇಲ್ಲ. ಬೇಸಿಗೆ ಏರುತ್ತಿದ್ದಂತೆ ಮಣ್ಣು ಬಿರುಕು ಬಿಟ್ಟಿತು, ಹುಲ್ಲು ಹಳದಿಯಾಯಿತು, ಕೊನೆಗೆ ಹಪ್ಪಳದಂತೆ ಅಂಚು ಎತ್ತಿತು. ಅಜ್ಜ ಕೊಡ ಕೊಡ ನೀರು ಸುರಿದರೂ ಅದು ತಿರುಗಿ ನೋಡಲಿಲ್ಲ. ನನಗೆ ಒಳಗೊಳಗೇ ಖುಷಿ. ಇನ್ನು ನಡೆಯಬೇಕಾಗಿಲ್ಲವಲ್ಲ!

ಅಜ್ಜಿಗೆ ಗಂಡನನ್ನು ಹಿಡಿಯಲು ಇಂಥದ್ದೇ ಸಮಯ ಬೇಕಿತ್ತು. "ಅಲ್ರೀ, ಹುಲ್ಲನ್ನ ಯಾರಾದ್ರೂ ಹತ್ತಿ ಹಂಗ ಆರಿಸ್ತಾರಾ? ಹತ್ತಿ ನಿಮ್ಮ ಕೈಗೆ ಬರೋದು ಬೆಳೆದು ಮುಗಿದ ಮ್ಯಾಲೆ. ಹುಲ್ಲು ಇನ್ನೂ ಬೆಳೀಬೇಕು. ಅದು ಮೆತ್ತಗಿದ್ರೆ ಏನು ಬಂತು?"

ಅಜ್ಜ ಅಂಗಳದಲ್ಲಿ ಅತ್ತಿತ್ತ ತಿರುಗಿ ಬಚ್ಚಲ ಹತ್ತಿರ ಹೋಗಿ ನಿಂತರು. ಅಲ್ಲಿ ಕಲ್ಲುಗಳ ಸಂದಿಯಲ್ಲಿ ಒಂದು ಗರಿಕೆ ಬೆಳೆದಿತ್ತು. ತಾವೇ ಕಳೆಯೆಂದು ಎಷ್ಟೋ ಸಲ ಕಿತ್ತೆಸೆದ ಗರಿಕೆ. ಬೇಸರಕ್ಕೆ ಬಗ್ಗಿ ಅದರ ಬಳ್ಳಿ ಹಿಡಿದು ಎಳೆದರು. ಎಳೆದಷ್ಟೂ ಬಂತು, ಗಿಣ್ಣು ಗಿಣ್ಣಿಗೂ ಬೇರು. ಒಂದು ಕಡೆ ಹರಿದರೆ ಇನ್ನೊಂದು ಕಡೆ ನೆಲವನ್ನು ಬಿಗಿಯಾಗಿ ಹಿಡಿದಿತ್ತು. ಮುದುಕರ ಮುಖ ಅರಳಿತು.

"ಲೇ, ಇಲ್ಲಿ ಬಾರೇ! ನಾನು ಎಲಿ ನೋಡ್ತಿದ್ದೆ, ಎಳೆ ಕೆಳಗೈತೆ!"

ಮುಂಗಾರು ಹಿಡಿದಾಗ ಮತ್ತೆ ಹರಿಹರಕ್ಕೆ ಗಾಡಿ ಹೊರಟಿತು, ಈ ಸಲ ಹೊಳೆದಂಡೆಗೆ. ಎಲೆ ಸಣ್ಣ, ಹೆಣಿಗೆ ಒತ್ತಾದ ಗರಿಕೆ ನೋಡಿ ಎಬ್ಬಿಸಿದರು. ನಮ್ಮ ಕಪ್ಪುಮಣ್ಣು ಸಡಿಲವಾಗಲೆಂದು ಹೊಳೆಯ ಮರಳನ್ನೂ ಹೇರಿಕೊಂಡು ಬಂದರು. ಚಪ್ಪಡಿಗಳನ್ನು ಒಂದಕ್ಕೊಂದು ತಾಗಿಸಿ ಕೂರಿಸಿ, ಆನಗೋಡಿನ ಬೀಗರ ಕಣದಿಂದ ತೆನೆ ತುಳಿಸುವ ಕಲ್ಲಿನ ಗುಂಡು ತರಿಸಿ ಮೇಲೆ ಉರುಳಿಸಿದರು. ಎಮ್ಮೆಯ ವಿಷಯ ಕೇಳಿದ್ದವರೇ ಬಂದು ಗುಂಡು ಎಳೆದರು. ಮಳೆ ಹದವಾಗಿ ಬಿತ್ತು. ಹಬ್ಬದ ಹೊತ್ತಿಗೆ ಚಪ್ಪಡಿಗಳ ಗೆರೆ ಕೂಡ ಕಾಣದಂತೆ ಅಂಗಳ ಹಸಿರಾಯಿತು.

ಹಬ್ಬವೆಂದರೆ ಗಣಪತಿ ಹಬ್ಬ! ಇಷ್ಟು ಗರಿಕೆ ಕಣ್ಣೆದುರು ಇರುವಾಗ ಓಣಿಯವರು ಬಿಟ್ಟಾರೆಯೇ? ಬೆಳಗಾಗುತ್ತಲೇ ತಟ್ಟೆ ಹಿಡಿದು ಬಂದರು. ಅಜ್ಜ ಕೊಡೆ ಹಿಡಿದು ಕಾವಲು ನಿಂತರು. "ಗಣಪ್ಪಗ ಇಲ್ಲ ಅನ್ನಾಕಾಗಲ್ಲ. ಅಂಚಿನಾಗ ಕಿತ್ಕೊಳ್ರಿ. ನಡುವ ಮುಟ್ಟಬ್ಯಾಡ್ರಿ, ಅದು ಕೂಸು ಬೀಳೋ ಜಾಗ."

ಆ ದಿನವೇ ಸಂಜೆ ಅವ್ವ ಬೂಟು ಕಟ್ಟಿದಳು. ನಾನು ಕಟ್ಟೆಯ ಕಂಬ ತಬ್ಬಿಕೊಂಡೆ. ಅಜ್ಜ ಬಾ ಎನ್ನಲಿಲ್ಲ. ತಾವೊಬ್ಬರೇ ಹೋಗಿ, ನನ್ನ ಹಾಗೆಯೇ ಎಡಗಾಲು ಎಳೆದು ನಡೆದು, ದೊಪ್ಪನೆ ಬಿದ್ದರು. ಎದ್ದು ಮತ್ತೆ ಬಿದ್ದರು. ಅಜ್ಜಿ ಒಳಗಿನಿಂದ ಬಂದು, "ಸೊಂಟ ಮುರಿದ್ರೆ ಎಣ್ಣೆ ಹಚ್ಚೋಳು ನಾನು, ನೆನಪಿರ್ಲಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಂಬ ಬಿಟ್ಟಿದ್ದು ಗೊತ್ತೇ ಆಗಲಿಲ್ಲ. ಅಂಗಳದ ನಡುವಿನ ತನಕ ಹೋಗಿ ಧಡಕ್ಕನೆ ಬಿದ್ದೆ.

ಅವ್ವ ಓಡಿಬಂದಳು. ಅಜ್ಜ ಕೈ ಅಡ್ಡ ಹಿಡಿದು ತಡೆದರು. ನನ್ನ ಪಕ್ಕದಲ್ಲೇ ಮಲಗಿ ಕೇಳಿದರು: "ಹೆಂಗೈತೆ ಹುಲ್ಲು?"

ಕೆನ್ನೆಯೆಲ್ಲ ತುರಿಸುತ್ತಿತ್ತು. "ಚುಚ್ತೈತೆ ಅಜ್ಜ."

"ಚುಚ್ಚಿದ್ರೆ ಎದ್ದೇಳು ಮತ್ತೆ. ಮೆತ್ತಗಿದ್ದಿದ್ರೆ ಇಬ್ರೂ ಇಲ್ಲೇ ಮಲಗಿಬಿಡ್ತಿದ್ವಿ."

ನಾನೇ ಎದ್ದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಜ್ಜ ಹುಬ್ಬಿನ ಮೇಲೆ ಹತ್ತಿಯ ಜೊತೆ ಗರಿಕೆಯನ್ನೂ ಅಂಟಿಸಿಕೊಂಡು, ಓಣಿಗೆಲ್ಲ ಕೇಳುವಂತೆ ಕೂಗಿದರು: "ಈ ಕೂಸಿಗೆ ಎಳೆ ಐತೆ!"

ಆಮೇಲೆ ಎಷ್ಟು ಬಿದ್ದೆನೋ, ಲೆಕ್ಕವಿಟ್ಟವರಿಲ್ಲ. ಹೈಸ್ಕೂಲಿಗೆ ನಡೆದೇ ಹೋದೆ. ಓದು ಮುಗಿಯುವ ಮೊದಲೇ ಅಜ್ಜ ಹೋಗಿಬಿಟ್ಟರು. ಆನಗೋಡಿನ ದಾರಿಯಲ್ಲಿದ್ದ ಅವರ ಹೊಲದಲ್ಲಿ ಮಣ್ಣು ಮಾಡಿದರು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಅಂಗಳದ ನಡುವಿನಿಂದ, ನಾನು ಬೀಳುತ್ತಿದ್ದ ಜಾಗದಿಂದಲೇ, ಒಂದು ಚಪ್ಪಡಿ ಗರಿಕೆ ಎಬ್ಬಿಸಿ ಗೋಣಿತಾಟಿನಲ್ಲಿ ಸುತ್ತಿಕೊಂಡೆ. ಬಸ್ಸಿಳಿದು ಹೊಲದ ಬದುವಿನ ಮೇಲೆ ನಾನೊಬ್ಬಳೇ ನಡೆದು ಹೋದೆ. ಅಜ್ಜಿ ಜೊತೆಗೆ ಬರುತ್ತೇನೆಂದರೂ ಬೇಡವೆಂದಿದ್ದೆ. ಅವರ ಸಮಾಧಿಯ ಗದ್ದುಗೆಯ ಮೇಲೆ ಅದನ್ನು ಹಾಸಿ, ಅಂಗೈಯಿಂದ ಒತ್ತಿ ಬಂದೆ.

ಮಳೆಗಾಲ ಮುಗಿಯುವಾಗ ಮತ್ತೆ ಹೋಗಿ ನೋಡಿದೆ. ಗದ್ದುಗೆಯೆಲ್ಲ ಹಸಿರಾಗಿತ್ತು. ಕೂತು, ಒಂದು ಬಳ್ಳಿಯನ್ನು ಅವರ ಹಾಗೆಯೇ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದೆ. ಬರಲಿಲ್ಲ.