ಚೀಲದಲ್ಲಿ ಕೂರಲು ಕಲಿಸಿದವಳು ನಾನೇ

ಗಂಡನಿಂದ ದೂರವಾಗಿ ತಂಗಿ ಚಾಮರಾಜಪೇಟೆಯ ನನ್ನ ಮನೆಗೆ ಬಂದ ವರ್ಷವೇ ನಾಯಿಮರಿಯೂ ಬಂತು. ಯಾರೋ ಮಾರ್ಕೆಟ್ ಹತ್ತಿರ ಬಿಟ್ಟುಹೋಗಿದ್ದ ಪುಟ್ಟ ಜಾತಿಯ ಮರಿ. ಬ್ಯಾಂಕಿನಿಂದ ಬರುವಾಗ ತಂಗಿ ಅದನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ತಂದಿದ್ದಳು. ಆಗ ಅವಳು ಯಾರ ಜೊತೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಮರಿಯ ಜೊತೆ ಮಾತಾಡುತ್ತಾಳಲ್ಲ, ಅಷ್ಟೇ ಸಾಕು ಎಂದು ನಾನು ಸುಮ್ಮನಿದ್ದೆ.

ಬೆಳೆಸಿದ್ದು ಮಾತ್ರ ಹೆಚ್ಚಾಗಿ ನಾನೇ. ಅವಳು ಬೆಳಗ್ಗೆ ಬೇಗ ಹೊರಡುತ್ತಿದ್ದಳು. ನಾನು ಕೆಲಸ ಮಾಡುವುದು ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಯಲ್ಲಿ. ಅಚ್ಚಿಗೆ ಹೋಗುವ ಮುನ್ನ ಹೆಸರು, ಮುಹೂರ್ತದಲ್ಲಿ ತಪ್ಪಿದೆಯೇ ಎಂದು ನೋಡುವ ಕೆಲಸ. ಅಂಗಡಿ ತೆರೆಯುವುದು ತಡವಾದ್ದರಿಂದ ಅವನಿಗೆ ಸ್ನಾನ ಮಾಡಿಸುವುದು, ಅನ್ನ ಕಲಸುವುದು, ಬೀದಿ ಸುತ್ತಿಸುವುದು ಎಲ್ಲ ನನ್ನ ಪಾಲಿಗೆ ಬಂತು. ನಾಯಿಯನ್ನು ನಾವಿಬ್ಬರೂ 'ಅವನು' ಎಂದೇ ಕರೆಯುತ್ತಿದ್ದೆವು.

ನಾಲ್ಕು ವರ್ಷದ ಮೇಲೆ ತಂಗಿಗೆ ದೆಹಲಿಗೆ ವರ್ಗವಾಯಿತು. ಆದೇಶ ಬಂದ ದಿನ ಅಡುಗೆಮನೆಯಲ್ಲಿ ನಿಂತು ಅವಳೇ ಹೇಳಿದಳು: "ಅವ್ನು ನಿನ್ ಹತ್ರಾನೇ ಇರ್ಲಿ ಅಕ್ಕ. ಅಲ್ಲಿ ನಾನ್ ಆಫೀಸಿಗೆ ಹೋದ್ರೆ ಯಾರ್ ನೋಡ್ಕೋತಾರೆ?" ನನಗೆ ಹೋದ ಜೀವ ಬಂದಂತಾಯಿತು. ಆ ಮಾತನ್ನು ನಾನಾಗಿ ಎತ್ತಲು ಹೆದರಿಕೊಂಡಿದ್ದೆ.

ಮುಂದಿನ ವಾರ ಅವಳೊಂದು ಚೀಲ ತಂದಳು. ಮೆತ್ತನೆಯ ಬಟ್ಟೆಯದು, ಎರಡು ಕಡೆ ಬಲೆ, ಮೇಲೆ ಜಿಪ್. "ಡಾಕ್ಟ್ರ ಹತ್ರ ಕರ್ಕೊಂಡ್ ಹೋಗೋವಾಗ ಆಟೋದಲ್ಲಿ ಎಷ್ಟ್ ಗಲಾಟೆ ಮಾಡ್ತಾನೆ. ನಾನಿಲ್ದೆ ನೀನ್ ಒಬ್ಳೇ ಹೆಂಗ್ ಸಂಭಾಳಿಸ್ತೀಯ? ಇದ್ರಲ್ಲಿ ಕೂರೋದು ಅಭ್ಯಾಸ ಮಾಡ್ಸು" ಎಂದಳು. ಹೋಗುವ ಗಡಿಬಿಡಿಯಲ್ಲೂ ನನ್ನ ಕಷ್ಟ ಯೋಚಿಸಿದಳಲ್ಲ ಎಂದು ನನಗೆ ಕಣ್ಣು ತುಂಬಿತು.

ಅವನಿಗೆ ಚೀಲ ಕಂಡರೆ ಭಯ. ಮೊದಲು ಅದರೊಳಗೆ ನನ್ನ ಹಳೆಯ ಸೀರೆ ಹಾಸಿ ಬಾಯಿ ತೆರೆದಿಟ್ಟೆ. ಸೌತೆಕಾಯಿ ಚೂರು ಇಟ್ಟು ತಲೆ ಹಾಕಿಸಿದೆ, ಆಮೇಲೆ ಮುಂಗಾಲು, ಆಮೇಲೆ ಪೂರ್ತಿ ಮೈ. ಜಿಪ್ ಎಳೆದಾಗ ಅಳುತ್ತಿದ್ದ. ನಾನು ಬಲೆಗೆ ಬೆರಳು ಒತ್ತಿ, "ಕೂತ್ಕೋ ಕಂದ, ಇಲ್ಲೇ ಇದೀನಿ" ಎಂದು ಹೇಳುತ್ತಾ ನೆಲದ ಮೇಲೆ ಅವನ ಪಕ್ಕ ಮಲಗುತ್ತಿದ್ದೆ. ಕೊನೆಕೊನೆಗೆ ಆ ಮಾತು ಕೇಳಿದರೆ ಸಾಕು, ಮೂತಿ ಕಾಲಿನ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದ.

ಅದೇ ಸಮಯಕ್ಕೆ ತಂಗಿ, "ಡಾಕ್ಟ್ರು ಇವ್ನ ತೂಕ ಇಳಿಸ್ಬೇಕು ಅಂದಿದಾರೆ" ಎಂದಳು. ಮೊಸರನ್ನ ಅರ್ಧ ಮಾಡಿದೆ. ಅವನು ಖಾಲಿ ತಟ್ಟೆ ನೆಕ್ಕಿ ನನ್ನ ಮುಖ ನೋಡುತ್ತಿದ್ದ. ನಾನು ಬೇರೆ ಕಡೆ ತಿರುಗಿಕೊಳ್ಳುತ್ತಿದ್ದೆ.

ಅವಳು ಹೊರಡುವ ದಿನ ಭಾನುವಾರ. "ಅವ್ನೂ ಏರ್‌ಪೋರ್ಟ್‌ವರ್ಗೂ ಬರ್ಲಿ ಅಕ್ಕ. ಮತ್ತೆ ಯಾವಾಗ್ ನೋಡ್ತೀನೋ" ಎಂದಳು. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಚೀಲ ನನ್ನ ತೊಡೆಯ ಮೇಲಿತ್ತು. ಹೆಬ್ಬಾಳ ದಾಟುವಾಗ ಅವಳು ಅತ್ತಳು. ನಾನು ಅವಳ ಬೆನ್ನು ಸವರಿ, ಅವನ ಬಗ್ಗೆ ಚಿಂತೆ ಮಾಡಬೇಡ ಎಂದೆ.

ನಿಲ್ದಾಣದ ಬಾಗಿಲಿನ ಹತ್ತಿರ ಲಗೇಜನ್ನು ಟ್ರಾಲಿಗೆ ಹಾಕಿದಳು. ಕೊನೆಗೆ ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಮುದ್ದಾಡಿ ಕೊಡುತ್ತಾಳೆ ಎಂದುಕೊಂಡೆ. ಅವಳು ಹೆಗಲಿಗೆ ಹಾಕಿಕೊಂಡಳು.

"ಇವ್ನು ನನ್ ಜೊತೆ ಬರ್ತಿದಾನೆ ಅಕ್ಕ. ಕ್ಯಾಬಿನ್‌ನಲ್ಲೇ, ನನ್ ಕಾಲ್ ಹತ್ರ ಇರ್ತಾನೆ. ಎಲ್ಲಾ ಬುಕ್ ಆಗಿದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಯಾವಾಗ ಮಾಡ್ಸಿದ್ದು?" ಎಂದು ಕೇಳಿದೆ.

"ಟಿಕೆಟ್ ಜೊತೇನೇ. ಚೀಲ ಸೇರಿ ಇಷ್ಟೇ ತೂಕ ಇರ್ಬೇಕು, ಒಳಗಡೆ ಸುಮ್ನೆ ಕೂರ್ಬೇಕು ಅಂತ ರೂಲ್ಸು. ಮೊದ್ಲೇ ಹೇಳಿದ್ರೆ ನೀನು ಬಿಡ್ತಿರ್ಲಿಲ್ಲ."

ಅಷ್ಟರಲ್ಲಿ ಟ್ರಾಲಿಗಳ ಸದ್ದಿಗೆ, ಮೈಕಿನ ಕೂಗಿಗೆ ಬೆದರಿ ಅವನು ಚೀಲದೊಳಗೆ ಕೆರೆಯತೊಡಗಿದ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ತಂಗಿಯ ಮುಖ ಬಿಳಿಚಿಕೊಂಡಿತು. "ಅಕ್ಕ, ನೀನ್ ಒಂದ್ಸಲ ಹೇಳು. ಗಲಾಟೆ ಮಾಡಿದ್ರೆ ಹತ್ತಿಸ್ಕೊಳಲ್ಲ. ನೀನ್ ಹೇಳಿದ್ರೆ ಕೇಳ್ತಾನೆ."

ಚೀಲ ಕಿತ್ತುಕೊಂಡು ಟ್ಯಾಕ್ಸಿ ಹತ್ತಬಹುದಿತ್ತು. ಆದರೆ ಅವನು ಬಲೆಗೆ ಮೂಗೊತ್ತಿ ನಡುಗುತ್ತಿದ್ದ. ಇಬ್ಬರೂ ಎಳೆದಾಡಿದರೆ ಆ ಬಡಪಾಯಿಯ ಗತಿ ಏನು? ಬಗ್ಗಿ ಬೆರಳು ಒತ್ತಿದೆ. "ಕೂತ್ಕೋ ಕಂದ, ಇಲ್ಲೇ ಇದೀನಿ" ಎಂದೆ. ಅವನು ಬೆರಳು ನೆಕ್ಕಿ, ಮೂತಿ ಕಾಲಿನ ಮೇಲಿಟ್ಟು ಕಣ್ಣು ಮುಚ್ಚಿದ. ಬಾಗಿಲಿನವರು ಟಿಕೆಟ್ ನೋಡಿ ಒಳಗೆ ಬಿಟ್ಟರು. ನನಗೆ ಒಳಗೆ ಹೋಗುವಂತಿರಲಿಲ್ಲ. ಗಾಜಿನಾಚೆ ಅವಳು ಒಮ್ಮೆ ಕೈ ಬೀಸಿದಳು. ನಾನು ಬೀಸಲಿಲ್ಲ.

ಎರಡು ವಾರ ಅವಳ ಫೋನ್ ಎತ್ತಲಿಲ್ಲ. ಎತ್ತಿದಾಗ ಅವಳು ಹೇಳಿದ್ದು ಇಷ್ಟು: "ಇಲ್ಲಿ ನಂಗೆ ಯಾರಿದಾರೆ ಅಕ್ಕ? ಬಾಗ್ಲು ತೆಗ್ದ್ರೆ ಒಂದ್ ಜೀವ ಆದ್ರೂ ಓಡಿ ಬರ್ಬೇಕಲ್ವಾ?"

"ಕೇಳಿದ್ರೆ ಕೊಡ್ತಿದ್ದೆ" ಎಂದೆ.

"ಕೊಡ್ತಿರ್ಲಿಲ್ಲ."

ಇರಬಹುದು. ಅತ್ತು, ಜಗಳವಾಡಿ, ಕೊನೆಗೆ ಕೊಡುತ್ತಿದ್ದೆನೇನೋ. ಅದು ಈಗ ತಿಳಿಯುವಂತಿಲ್ಲ. ಅವನನ್ನು ಒಯ್ದಿದ್ದಕ್ಕಿಂತ, ನನ್ನ ಪ್ರೀತಿಯನ್ನೇ ಕೆಲಸಕ್ಕೆ ಹಚ್ಚಿ ಒಯ್ದಳಲ್ಲ, ಅದು ಇವತ್ತಿಗೂ ಉರಿಯುತ್ತದೆ. 'ಇಲ್ಲೇ ಇದೀನಿ' ಎಂಬ ಸುಳ್ಳನ್ನು ಅವನು ನನ್ನ ಬಾಯಿಂದಲೇ ಕೇಳಿದ. ವಿಡಿಯೋ ಕಾಲ್‌ನಲ್ಲಿ ನನ್ನ ದನಿ ಕೇಳಿ ಅವನು ಫೋನಿನ ಹಿಂದೆ ಹೋಗಿ ಹುಡುಕಿದ. ಇನ್ನು ಮೇಲೆ ತೋರಿಸಬೇಡ ಎಂದುಬಿಟ್ಟೆ.

ಹೋದ ಯುಗಾದಿಗೆ ತಂಗಿ ಬಂದಿದ್ದಳು, ಒಬ್ಬಳೇ. ಅವನೆಲ್ಲಿ ಎಂದೆ. "ನಾಯಿ ನೋಡ್ಕೊಳೋರ ಹತ್ರ ಬಿಟ್ಟಿದೀನಿ. ಫ್ಲೈಟಲ್ಲಿ ಪಾಪ ಅವ್ನಿಗೆ ಹಿಂಸೆ ಆಗತ್ತೆ ಅಕ್ಕ" ಎಂದಳು. ನಾನು ಹೋಳಿಗೆ ತಟ್ಟುವುದನ್ನು ನಿಲ್ಲಿಸಲಿಲ್ಲ. ಬಿಸಿ ಹೋಳಿಗೆಗೆ ತುಪ್ಪ ಹಾಕಿ ಅವಳ ಮುಂದಿಟ್ಟೆ.

ಊಟವಾದ ಮೇಲೆ, "ಅಕ್ಕ, ನಂಗೊಂದ್ ಸಣ್ಣ ಹೆಲ್ಪ್ ಮಾಡ್ತೀಯಾ?" ಎಂದಳು. ಮೊದಲಾಗಿದ್ದರೆ ಏನೆಂದು ಕೇಳುವ ಮುಂಚೆಯೇ ಹೂಂ ಅನ್ನುತ್ತಿದ್ದೆ.

"ಯಾಕೆ ಅಂತ ಮೊದ್ಲು ಹೇಳು" ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ, "ಏನಿಲ್ಲ ಬಿಡು" ಎಂದು ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದಳು.