ಜಡಿ ಬಿಡಿಸಿದ ಲೋಳಿ

ನಾ ಸಂತ್ಯಾಗ ಏನ್ ಮಾರ್ತೇನಿ ಅಂತ ಕೇಳಿ ನಗಬ್ಯಾಡ್ರಿ. ಹಣಿಗಿ, ಪಿನ್ನು, ಚೌರಿ, ಶಾಂಪೂ ಪಾಕೀಟು, ಮತ್ತ ಕೂದಲಾ ಮೆತ್ತಗ ಮಾಡೋ ಕಂಡೀಶನರು. ಕಂಡೀಶನರು ನನ್ನ ಕೈಯಾರೆ ಕಲಸಿದ್ದು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಕೂ ಸಂತ್ಯಾಗ ನನ್ನ ಲೋಳಿ ಹಚ್ಚದ ಹೆಣ್ಮಗಳನ್ನ ತೋರಸ್ರಿ, ಮೀಸಿ ಬೋಳಿಸ್ಕೋತೇನಿ. ಮೀಸಿಗೂ ಅದನ್ನ ಹಚ್ಚೇನಿ, ಬೇಕಾದ್ರ ಮುಟ್ಟಿ ನೋಡ್ರಿ, ಬೆಕ್ಕಿನ ಬೆನ್ನ ಇದ್ದಂಗ ಐತಿ.

ಅದರ ಪುಡಿ ತರಿಸಿ ಕೊಡಾವ್ರು ಸವಣೂರಿನ ಸಾಹೇಬ್ರು, ನನ್ನ ವಾರಿಗಿಯವ್ರು. ಚವಳಿಕಾಯಿ ಪಲ್ಯಾ ಮಾಡ್ತೇವಲ್ಲ, ಅದರ ಬೀಜದ ಅಂಟದು. ಫ್ಯಾಕ್ಟರ್ಯಾಗ ಆ ಅಂಟಿಗೆ ಏನೋ ಮದ್ದು ಕೂಡಿಸಿ ಪಾಲಿಮರ್ ಅಂತ ಮಾಡಿ ಕಳಸ್ತಾರ. ನೀರಾಗ ಉದುರಿಸಿ ತಿರುವಿದ್ರ ಮೊದಲ ಏನೂ ಆಗಂಗಿಲ್ಲ. ಆಮ್ಯಾಲ ಉಬ್ಬಾಕ ಹತ್ತತೈತಿ, ಉಬ್ಬಿ ಉಬ್ಬಿ ಲೋಳಿ ಆಕ್ಕೈತಿ.

"ಇದು ಕೂದಲಾ ಹೆಂಗ ಹಿಡೀತೈತ್ರಿ ಸಾಹೇಬ್ರ?" ಅಂತ ಒಮ್ಮೆ ಕೇಳಿದ್ದೆ.

"ಕೂದಲದ ಕರೆಂಟ್ ಒಂದು, ಇದರ ಕರೆಂಟ್ ಒಂದು. ಒಂದನ್ನೊಂದು ಎಳೀತಾವ. ಕೂದಲಾ ಎಲ್ಲಿ ಜಾಸ್ತಿ ಹಾಳಾಗಿರ್ತೈತಿ ಅಲ್ಲೇ ಹೋಗಿ ಗಟ್ಟಿ ಕುಂಡ್ರತೈತಿ. ತೊಳದ್ರೂ ಪೂರಾ ಬಿಟ್ಟು ಹೋಗಂಗಿಲ್ಲ."

"ಅಂದ್ರ ದೆವ್ವ ಇದ್ದಂಗ ಅನ್ರಿ."

"ತೌಬಾ! ಹಂಗ ಅನಬ್ಯಾಡ್ರಿ!" ಅಂದು ಸಾಹೇಬ್ರು ಪುಡಿ ಚೀಲದ ಬಾಯಿ ಕಟ್ಟೇಬಿಟ್ರು. ಅವರನ್ನ ಹೆದರಸೂದು ನನಗ ಭಾಳ ಸಲೀಸು. ಒಂದಿನ ಅಂಗೈಗೆ ಲೋಳಿ ಹಚ್ಕೊಂಡು ಸಲಾಂ ಅಂತ ಅವರ ಕೈ ಹಿಡದಿದ್ದೆ. ಹಾವು ಮುಟ್ಟಿದವರಂಗ ಅಂಗಡಿ ಗಲ್ಲಾದ ಮ್ಯಾಲಿಂದ ಜಿಗದಿದ್ರು ಪುಣ್ಯಾತ್ಮರು.

ಊರಿಗೆಲ್ಲಾ ಹೆದರಸಾವ ನಾನು. ಆದ್ರ ನನಗೂ ಒಂದು ಹೆದರಿಕಿ ಐತಿ. ನಮ್ಮ ಅಕ್ಕಗ ಜಡಿ ಇತ್ತು.

ಸಣ್ಣಾಕಿದ್ದಾಗ ಆಕಿ ಕೂದಲಾ ಗಂಟು ಬಿತ್ತು. ಎಲ್ಲವ್ವ ಹಿಡದಾಳ ಅಂದ್ರು ಮಂದಿ. ಜಡಿ ಬಂದ ಹೆಣ್ಣು ದೇವಿ ಪಾಲು. ಹಣಿಗಿ ಹಚ್ಚಂಗಿಲ್ಲ, ಲಗ್ನಾ ಮಾಡಂಗಿಲ್ಲ, ಭಂಡಾರದ ಅರಿಷಿಣ ಹಚ್ಚಿ ಬಿಡಬೇಕು. ಅಪ್ಪ ಒಂದಿನ ಸಿಟ್ಟಿಗೆದ್ದು ಕತ್ತರಿ ತಂದ. ಕತ್ತರಿ ಬಾಯಿ ತೆರಿಯೂದ್ರಾಗ ಅಲ್ಲೇ ಕುಸದ, ಲಕ್ವಾ ಹೊಡೀತು. ಮುಂದ ಯಾರೂ ಆ ಮಾತು ಎತ್ತಲಿಲ್ಲ. ಜಡಿ ಅಕ್ಕನ ಮೊಣಕಾಲ ತನಕ ಬೆಳೀತು. ಆಕಿ ಮಗ್ಗಲಾ ಬದಲಿಸಿದ್ರ ಅದು ನೆಲಾ ಸವರಿ ಸರಕ್ ಅಂತಿತ್ತು. ಆಕಿನ್ನ ಮಣ್ಣ ಮಾಡಿದಾಗ ಅದನ್ನೂ ಬಗಲಿಗೆ ಇಟ್ರು. ಸರಕ್ ಮಾತ್ರ ಮ್ಯಾಲೇ ಉಳೀತು. ಹಿರೇಕೆರೂರ ಬಸ್‌ಸ್ಟ್ಯಾಂಡಿನ್ಯಾಗ ಕುಂತಾಗ, ಸಂತ್ಯಾಗ ಸಾಮಾನ ಹರವೂ ಮುಂದ, ಹಾಡಹಗಲ ನನ್ನ ಬೆನ್ನ ಹಿಂದ ಕೇಳಸ್ತೈತಿ. ತಿರುಗಿ ನೋಡಿದ್ರ ಯಾರೋ ಕಸಾ ಹೊಡ್ಯಾಕತ್ತಿರ್ತಾರ. ಒಮ್ಮೊಮ್ಮೆ ಯಾರೂ ಇರಂಗಿಲ್ಲ.

ಹಿಂದಿನ ಮಳಿಗಾಲದಾಗ ಮಾಸೂರಿಂದ ನನ್ನ ತಮ್ಮನ ಹೆಂಡ್ತಿ ಫೋನ್ ಮಾಡಿದ್ಲು. ತಮ್ಮ ಹೋದ ಮ್ಯಾಲೆ ಮನಿತನ ನಡಸಾಕಿ ಆಕೀನ.

"ಭಾವಾರ, ಮೊಮ್ಮಗಳಿಗೆ ಬಂತ್ರಿ."

"ಏನು, ವರಾ?"

"ಜಡಿ."

ಹುಡುಗಿ ನರ್ಸಿಂಗ್ ಕಲಿಯಾಕತ್ತಿದ್ಲು. ಟೈಫಾಯ್ಡ್ ಬಂದು ಭಾಳ ದಿನಾ ಹಾಸಿಗಿ ಹಿಡದಿದ್ಲು. ಹಿಂದಲಿ ಕೂದಲಾ ಎಲ್ಲಾ ಕೂಡಿ ಕಂಬಳಿ ತುಂಡಿನಂಗ ಗಟ್ಟಿ ಆಗಿತ್ತು. ನಾ ಹೋದಾಗ ತಲಿತುಂಬ ಭಂಡಾರ ಹಚ್ಕೊಂಡು ಪಡಸಾಲ್ಯಾಗ ಕುಂತಿದ್ಲು.

"ಆಯಿ ಕಾಲೇಜ ಬಿಡಸ್ತಾಳಂತ ಅಜ್ಜಾ. ಎಲ್ಲವ್ವನ ಗುಡ್ಡಕ್ಕ ಹೋಗಿ ದೇವಿಗೆ ಒಪ್ಪಿಸ್ತಾಳಂತ. ನೀವರ ಕತ್ತರಿ ತಗೊಂಡು ಕಚ್ಚಕ್ ಅನಿಸಿಬಿಡ್ರಿ."

"ಕತ್ತರಿ ಹೆಸರು ತಗದಿ ಅಂದ್ರ ನೋಡು!" ಆಕಿ ಆಯಿ, ನನ್ನ ತಮ್ಮನ ಹೆಂಡ್ತಿ, ಒಳಗಿಂದ ಚೀರಿದ್ಲು. "ನಿಮ್ಮ ಮುತ್ತ್ಯಾನ ಸೊಟ್ಟ ಬಾಯಿಗೆ ಗಂಜಿ ಹಾಕಿದಾಕಿ ನಾನು."

ಖರೇ ಹೇಳ್ತೇನಿ, ನನ್ನ ಕೈಗೂ ಕತ್ತರಿ ಹಿಡಿಯೂ ಧೈರ್ಯ ಇರಲಿಲ್ಲ. ಆದ್ರ ಬಾಯಿ ಐತೆಲ್ಲ ನನಗ.

"ಕತ್ತರಿ ಬ್ಯಾಡ, ಹಣಿಗಿನೂ ಬ್ಯಾಡವಾ ತಂಗಿ," ಅಂದೆ. "ಎಲ್ಲವ್ವಗ ಹುಡುಗಿ ಬೇಕಾಗಿದ್ರ ಕೂದಲಾ ಗಟ್ಟಿ ಹಿಡಕೋತಾಳ. ಬ್ಯಾಡಾಗಿದ್ರ ಬಿಡ್ತಾಳ. ನಾ ಬರೇ ತೀರ್ಥ ಹಚ್ತೇನಿ."

ಸಂಗಡ ತಂದಿದ್ದ ಬಕೀಟಿನ ಮುಚ್ಚಳಾ ತಗದೆ. ತಮ್ಮನ ಹೆಂಡ್ತಿ ಒಂದು ಬೆರಳು ಅದ್ದಿ ನೋಡಿದ್ಲು.

"ಇದು ನಿಮ್ಮ ಸಂತಿ ಲೋಳಿ ಅಲ್ಲೇನ್ರಿ? ಈ ಮನಿಗೆ ಬಂದಾಗಿಂದ ನಿಮ್ಮ ಸುಳ್ಳು ಕೇಳಾಕತ್ತೇನಿ."

"ಹಚ್ಚಲ್ಯೋ ಬ್ಯಾಡೋ, ಅಷ್ಟ ಹೇಳು."

ಆಕಿ ಒಳಗ ಹೋದ್ಲು. ಒಂದು ಮುಷ್ಟಿ ಭಂಡಾರ ತಂದು ಬಕೀಟಿಗೆ ಉದುರಿಸಿದ್ಲು. ಲೋಳಿ ಹಳದಿ ಆತು. "ಈಗ ಹಚ್ರಿ," ಅಂದ್ಲು.

ಮೊದಲನೇ ದಿನ ಏನೂ ಆಗಲಿಲ್ಲ. ಕಲ್ಲಿಗೆ ಹಚ್ಚಿದಂಗ ಆತು. ಒದ್ದಿ ಅರಿವಿ ಸುತ್ತಿ ಬಿಟ್ವಿ. ಮರುದಿನ ಅಂಚು ಒಂದೀಟು ಮೆತ್ತಗಾಗಿತ್ತು. ಆವಾಗಿಂದ ದಿನಾ ಊಟಾ ಆದ ಮ್ಯಾಲೆ ಈ ಕಡೆ ನಾನು, ಆ ಕಡೆ ಆಕಿ, ನಡುವ ಹುಡುಗಿ. ತುದಿಯಿಂದ ಒಂದೊಂದ ಎಳಿ ಜಾರಿಸೂದು. ಎಳಿ ಲೋಳ್ಯಾಗ ಮೀನಿನಂಗ ಜಾರಿ ಬರ್ತಿತ್ತು. ನನ್ನ ಮಾಲು ಅಂದ್ರ ಮಾಲು! ಒಳಗ ಏನೇನಿತ್ತು ಅಂತೀರಿ, ದಿಂಬಿನ ಅರಳಿ, ಗುಳಿಗಿ ಪಾಕೀಟಿನ ಚೂರು, ಎಲ್ಲಕ್ಕಿಂತ ಜಾಸ್ತಿ ಎಂದೋ ಉದುರಿ ಅಲ್ಲೇ ಸಿಕ್ಕೊಂಡ ಸತ್ತ ಕೂದಲಾ.

"ಅಜ್ಜಾ, ಜಗ್ಗಬ್ಯಾಡ್ರಿ! ಇಂಜೆಕ್ಷನ್ ಚುಚ್ಚತೇನಿ ನೋಡ್ರಿ."

"ನಾ ಅಲ್ಲವಾ, ನಿಮ್ಮ ಆಯಿ ಜಗ್ಗಿದ್ದು."

"ಸುಳ್ಳಾ! ಮಾರಿ ನೋಡು ಇವರದು, ಬೆಲ್ಲಾ ಕದ್ದವರಂಗ," ಅಂದ್ಲು ಆಯಿ.

ಹಿಂಗ ನಕ್ಕೋತ ಕುಂತಿದ್ವಿ. ಆಗ ಬಂತು, ನನ್ನ ಹಿಂದ. ಸರಕ್.

ತಿರುಗಿ ನೋಡಿದೆ. ಬರೇ ಗ್ವಾಡಿ. ಇತ್ತಾಗ ನೋಡಿದ್ರ ತಮ್ಮನ ಹೆಂಡ್ತಿ ಕೈನೂ ನಿಂತಿತ್ತು.

"ನಿಮಗೂ ಕೇಳಸ್ತೈತೇನ್ರಿ?" ಅಂದ್ಲು, ಭಾಳ ಸಣ್ಣ ಧ್ವನ್ಯಾಗ.

ನನಗ ಒಬ್ಬಗ ಕೇಳಸ್ತೈತಿ ಅಂತ ತಿಳಕೊಂಡಿದ್ದೆ ಇಷ್ಟು ವರ್ಷ.

"ನಾ ಲಗ್ನಾಗಿ ಬಂದ ಹೊಸದಾಗ ಅಕ್ಕಾರ ಬಾಜೂಕ ಮಲಗತಿದ್ನ್ಯಲ್ಲ," ಅಂದ್ಲು. "ಆಗಿಂದ ಐತ್ರಿ."

"ಏನ್ ಕೇಳಸ್ತು?" ಅಂದ್ಲು ಹುಡುಗಿ.

"ಇಲಿ," ಅಂದ್ವಿ ಇಬ್ರೂ ಕೂಡೇ.

ಹುಡುಗಿ ಶಾಣ್ಯಾಕಿ, ಇಲಿಗೆ ಮೋಸ ಹೋಗಾಕಿ ಅಲ್ಲ. ಕೇಳೇಬಿಟ್ಲು. "ದೊಡ್ಡಾಯಿ ಜಡಿನ ಯಾರರ ಹಿಂಗ ಬಿಡಿಸಿ ನೋಡಿದ್ರೇನು?"

"ಆಗ ಈ ಪಾಲಿಮರ್ ಎಲ್ಲಿತ್ತವಾ?"

"ಪಾಲಿಮರ್ ಇರಲಿಲ್ಲ ಬಿಡ್ರಿ. ಕೈ ಇದ್ವಲ್ಲ?"

ನಾಕು ಸಂತ್ಯಾಗ ನನ್ನ ಮಾತಿಗೆ ಮಾತು ಕೊಟ್ಟು ಗೆದ್ದಾವ ಇಲ್ಲ. ಅವತ್ತ ಈ ಹುಡುಗಿ ಗೆದ್ಲು. ಲೋಳಿ ಹತ್ತಿದ ಕೈ ನೋಡ್ಕೋತ ಕುಂತೆ. ನನ್ನ ಕೈ ಆಗೂ ಇದ್ವು. ಆಕಿ ತಲಿ ಮುಟ್ಟಾಕ ಹೆದರಿ ದೂರ ದೂರ ಓಡ್ಯಾಡಿದ್ವು.

ಕಡೀಕೆ ಬಿಡ್ತು. ಎಲ್ಲಾನೂ ಬಿಡ್ತು. ಕೂದಲಾ ಹುಡುಗಿ ಹೆಗಲ ಮ್ಯಾಲೆ ಇಳೀತು. ತೆಳ್ಳಗಾಗಿತ್ತು ಖರೆ, ಆದ್ರ ಆಕೀದು. ಗೋಣಿ ತಟ್ಟಿನ ಮ್ಯಾಲೆ ಸತ್ತ ಕೂದಲದ ರಾಶಿ ಬಿದ್ದಿತ್ತು. ಹುಡುಗಿ ತಲಿ ಆ ಕಡೆ ಈ ಕಡೆ ಒಗದು ಕನ್ನಡಿ ಕಡೆ ಓಡಿದ್ಲು. ಆಕಿ ಆಯಿ ಮಾತ್ರ ರಾಶಿ ನೋಡ್ಕೋತ ಕುಂತ್ಲು.

"ಬಿಟ್ಲು," ಅಂದ್ಲು. ಆಮ್ಯಾಲ ಟ್ರಂಕಿನಾಗಿಂದ ಹೊಸಾ ಖಣ ತಗದು ಆ ಕೂದಲಾ ಅಷ್ಟೂ ಅದರಾಗ ಗಂಟು ಕಟ್ಟಿದ್ಲು. "ಅವ್ವಗ ಇಷ್ಟ ಬೇಕಾಗಿತ್ತು. ಹುಡುಗಿ ಕಾಲೇಜಿಗೆ ಹೋಗ್ಲಿ. ನಾವು ಇದನ್ನ ಕೊಟ್ಟು ಬರೂಣ ನಡೀರಿ ಭಾವಾರ."

ಹುಡುಗಿ ಕಾಲೇಜಿಗೆ ಹೋದ ದಿನಾನ ನಾವು ಗುಡ್ಡದ ದಾರಿ ಹಿಡದ್ವಿ. ಬಸ್ಸಿನ್ಯಾಗ ಮೂರು ಮಂದಿ ಸೀಟು. ಕಿಡಕಿ ಕಡೆ ಆಕಿ, ಉಡಿಯಾಗ ಗಂಟು. ಈ ತುದಿಗೆ ನಾನು. ನಡುವ ಜಾಗಾ ಖಾಲಿ. ಹಾನಗಲ್ಲಿನ್ಯಾಗ ಮಂದಿ ತುಂಬಿದ್ರು.

"ಅಜ್ಜಾ, ಸರೀರಿ, ಒಬ್ರು ಕುಂಡ್ರಲಿ," ಅಂದ ಕಂಡಕ್ಟರ್.

ನಾ ಸರೀಲಿಲ್ಲ. ಆಕೀನೂ ಸರೀಲಿಲ್ಲ.

"ಅಲ್ಲೆ ಅದಾರ್ರಿ ಒಬ್ರು," ಅಂದ್ಲು ತಮ್ಮನ ಹೆಂಡ್ತಿ.

ಕಂಡಕ್ಟರ್ ಖಾಲಿ ಜಾಗಾ ನೋಡಿದ, ನನ್ನ ಮಾರಿ ನೋಡಿದ. "ಹೆಣ್ಮಕ್ಕಳೋ ಗಂಡಸರೋ?"

"ಹೆಣ್ಮಗಳು."

"ಹಂಗಾರ ಟಿಕೀಟು ಪುಕ್ಕಟೆ," ಅಂದು ನಕ್ಕೋತ ಮುಂದ ಹೋದ. ಬಸ್ಸಿನ ಮಂದಿ ಎಲ್ಲಾ ನಕ್ರು. ಅಕ್ಕಗ ಇಕ್ಕಟ್ಟ ಆಗಬಾರ್ದಂತ ನಾ ಇನ್ನೊಂದೀಟು ತುದಿಗೆ ಸರದು ಕುಂತೆ.