ತೊಟ್ಟಿಯ ಬಳಿ ಕೂತವನು

ಕನ್ನಡಕ ರಿಪೇರಿಯವನ ಅಂಗಡಿಗೂ ಗಾಳದ ಅಂಗಡಿಗೂ ನಡುವೆ ಇದ್ದದ್ದು ಬರೀ ಒಂದು ಹಲಗೆಯ ಗೋಡೆ. ಈ ಕಡೆ ಕೆಮ್ಮಿದರೆ ಆ ಕಡೆಯಿಂದ ನೀರು ಬೇಕಾ ಎಂದು ಕೇಳುತ್ತಿದ್ದರು. ಹಾಗಾಗಿ ಮೀನು ಹಿಡಿಯುವವರ ಜಗಳಗಳೆಲ್ಲ ಬೇಡವೆಂದರೂ ಅವನ ಕಿವಿಗೆ ಬೀಳುತ್ತಿದ್ದವು. ಬೇಡ ಎಂದು ಅವನು ಯಾವತ್ತೂ ಅಂದವನಲ್ಲ ಎನ್ನುವುದು ಬೇರೆ ಮಾತು. ಯಾರದೋ ಕನ್ನಡಕದ ಮುರಿದ ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಹಲಗೆಯ ಈಚೆಯಿಂದ ತೀರ್ಪು ಕೊಡುತ್ತಿದ್ದ, ಕೇಳದವರಿಗೂ ಕೊಡುತ್ತಿದ್ದ.

ಜಗಳ ಯಾವಾಗಲೂ ಒಂದೇ: ಯಾವ ಮಾರ್ಕಿನ ಸುಳ್ಳುಮೀನು ಒಳ್ಳೆಯದು? ಹುಳ, ಹಿಟ್ಟಿನುಂಡೆಯ ಗೋಜಿಗೆ ಹೋಗದೆ, ಮರದಲ್ಲೋ ತಗಡಿನಲ್ಲೋ ರಬ್ಬರಿನಲ್ಲೋ ಮಾಡಿದ ಪುಟ್ಟ ಮೀನನ್ನು ದಾರಕ್ಕೆ ಕಟ್ಟಿ ದೂರಕ್ಕೆ ಎಸೆದು ಎಳೆಯುವ ಮಂದಿ ಇವರು. ಗಾಳದ ಅಂಗಡಿಯಾಕೆ ಅದನ್ನು ಲೂರ್ ಎನ್ನುತ್ತಿದ್ದಳು. ಉಳಿದವರಿಗೆಲ್ಲ ಅದು ಸುಳ್ಳುಮೀನು. ಮೀನಿಗೆ ಸುಳ್ಳು ಹೇಳುವುದಕ್ಕೂ ಇಷ್ಟೊಂದು ಕಂಪನಿಗಳು ಬೇಕೇ ಎಂದು ಕನ್ನಡಕದವನ ಅಕ್ಕ ಮೂಗು ಮುರಿಯುತ್ತಿದ್ದಳು.

ಬೇಕು ಎನ್ನುವುದೇ ಅವನ ವಾದ. ಓದುವುದಕ್ಕೊಂದು ಕನ್ನಡಕ, ದೂರ ನೋಡುವುದಕ್ಕೆ ಇನ್ನೊಂದು. ಮೀನಿನ ಕೆಲಸವೂ ಅಷ್ಟೇ. ಹರಿಯುವ ಹೊಳೆಗೆ ಗಂಟೆ ಮಾರ್ಕಿನ ಹಿತ್ತಾಳೆ ಚಮಚ, ಸೆಳವಿನಲ್ಲಿ ಅದು ತಿರುಗಿ ಮಿನುಗುವ ಹಾಗೆ ಬೇರೆ ಯಾವುದೂ ಮಿನುಗುವುದಿಲ್ಲ. ಜೊಂಡು ಬೆಳೆದ ಕೆರೆಗೆ ಕಪ್ಪೆ ಮಾರ್ಕಿನ ರಬ್ಬರು, ಕೊಕ್ಕೆ ಹೊಟ್ಟೆಯೊಳಗೆ ಅಡಗಿರುವುದರಿಂದ ಜೊಂಡಿಗೆ ಸಿಕ್ಕಿಕೊಳ್ಳದು. ಸಮುದ್ರದ ಬಂಡೆಯ ಮೇಲೆ ನಿಂತು ಗಾಳಿಗೆದುರಾಗಿ ಎಸೆಯಬೇಕೆಂದರೆ ಲಂಗರು ಮಾರ್ಕಿನ ಸೀಸದ ತುಂಡು. ನೋಡಲು ಅವಲಕ್ಷಣ, ಆದರೆ ಹೇಳಿದ ಕಡೆ ಹೋಗಿ ಬೀಳುತ್ತದೆ. ದೋಣಿ ಮಾರ್ಕಿನ ಮರದ ಮೀನೋ? ನಿಂತ ನೀರಿಗೆ ಪರವಾಗಿಲ್ಲ, ಎಂದು ಅಷ್ಟಕ್ಕೇ ನಿಲ್ಲಿಸುತ್ತಿದ್ದ.

ರಜೆಯಲ್ಲಿ ಬಂದಾಗಲೆಲ್ಲ ಭಾವನನ್ನು ಕೆರಳಿಸಲು ಅಷ್ಟು ಸಾಕಾಗಿತ್ತು. ಅಕ್ಕನ ಗಂಡ ದೋಣಿ ಮಾರ್ಕಿನ ಕಾರ್ಖಾನೆಯಲ್ಲಿ ತಲೆ ಬೆಳ್ಳಗಾಗುವವರೆಗೆ ದುಡಿದವರು. ಬಣ್ಣ ಬಳಿದು ಒಣಗಿದ ಮೇಲೆ ಪ್ರತಿಯೊಂದು ಮೀನೂ ಅವರ ಕೈಗೆ ಬರುತ್ತಿತ್ತು. ಉದ್ದನೆಯ ನೀರಿನ ತೊಟ್ಟಿಯ ಪಕ್ಕ ಒಂದು ಕುರ್ಚಿ. ಮೀನನ್ನು ದಾರಕ್ಕೆ ಕಟ್ಟಿ ತೊಟ್ಟಿಯ ಆ ತುದಿಯಿಂದ ಈ ತುದಿಗೆ ಎಳೆಯುವುದು. ನೆಟ್ಟಗೆ ಈಜಿತೋ, ಪೆಟ್ಟಿಗೆಗೆ. ಎಡಕ್ಕೆ ವಾಲಿತೋ, ಮೂಗಿನ ತುದಿಯ ತಂತಿಯ ಕುಣಿಕೆಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸುವುದು, ಮತ್ತೆ ಎಳೆಯುವುದು. ಭಾವ ಪಾಸು ಮಾಡದ ಮೀನು ಬಾಗಿಲು ದಾಟುತ್ತಿರಲಿಲ್ಲ. ಹೊಳೆಗೂ ಕೆರೆಗೂ ಸಮುದ್ರಕ್ಕೂ ಅವರಿಗೆ ಒಂದೇ ಮಾರ್ಕು, ಅದರ ಮೇಲೆ ಆಣೆ ಇಡಲೂ ಸಿದ್ಧ.

ಆಮೇಲೆ ಕಾರ್ಖಾನೆ ಬೇರೆಯವರ ಕೈಗೆ ಹೋಯಿತು. ಹಳಬರನ್ನೆಲ್ಲ ಒಂದೇ ಸಲಕ್ಕೆ ಮನೆಗೆ ಕಳಿಸಿದರು. ಅಕ್ಕ, ಭಾವ ಇದೇ ಬೀದಿಗೆ ಬಂದು ನೆಲೆಸಿದರು. ಬಂದ ಹೊಸತರಲ್ಲಿ ಭಾವ ಮಾತೇ ಕಳೆದುಕೊಂಡಿದ್ದರು. ತಟ್ಟೆಯ ಮುಂದೆ ಕೂತು ಅನ್ನ ಕಲಸಿ, ತಿನ್ನದೆ ಎದ್ದುಬಿಡುತ್ತಿದ್ದರು. "ಕೆಲಸ ಹೋದದ್ದಕ್ಕಲ್ಲ ಕಣೋ," ಎಂದಳು ಅಕ್ಕ, ತಮ್ಮನ ಅಂಗಡಿಯ ಸ್ಟೂಲಿನ ಮೇಲೆ ಕೂತು. "ಆ ಕುರ್ಚಿಯಲ್ಲಿ ಈಗ ಯಾರಿದಾರೋ, ಯಾರೂ ಇಲ್ವೋ ಅಂತ ಒಂದೇ ಕೊರಗು."

ಕನ್ನಡಕದವನಿಗೆ ತೋಚಿದ ಮದ್ದು ಒಂದೇ. ಗಾಳದ ಅಂಗಡಿಗೆ ಬಂದಿದ್ದ ಹೊಸ ದೋಣಿ ಮಾರ್ಕಿನ ಮೀನೊಂದನ್ನು ಕೊಂಡ. ಭಾವನಿಗೆ ಕೊಡುವ ಮೊದಲು ಮನೆಯ ಹಿಂದಿನ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಒಮ್ಮೆ ಎಳೆದು ನೋಡಿದ. ಅದು ನಾಲ್ಕು ಗೇಣು ಬರುವುದರೊಳಗೆ ಮಗ್ಗುಲಾಗಿ, ಹೊಟ್ಟೆ ಮೇಲೆ ಮಾಡಿಕೊಂಡು ಬಂತು. ಮೂಗಿನ ತಂತಿಯನ್ನು ಯಂತ್ರ ಒತ್ತಿದ ಹಾಗೆಯೇ ಬಿಟ್ಟಿದ್ದರು, ಯಾವ ಕೈಯೂ ಮುಟ್ಟಿರಲಿಲ್ಲ. ಇದನ್ನು ಭಾವನ ಕೈಗೆ ಹೇಗೆ ಕೊಡುವುದು? ಸೊಟ್ಟ ಮೂಗಿನ ಮೇಲೆ ಕನ್ನಡಕವನ್ನು ನೆಟ್ಟಗೆ ಕೂರಿಸುವುದೇ ಅವನ ಹೊಟ್ಟೆಪಾಡು. ಇಕ್ಕಳ ತಂದ. ಬಗ್ಗಿಸಿದ, ಎಳೆದ, ಮತ್ತೆ ಬಗ್ಗಿಸಿದ. ಮೀನು ನೆಟ್ಟಗಾದ ಮೇಲೆ ಒರೆಸಿ ಡಬ್ಬಿಗೆ ಹಾಕಿ ಮುಚ್ಚಿದ.

ಭಾವ ಡಬ್ಬಿ ತೆರೆದರು. ಮೊದಲು ನೋಡಿದ್ದು ಬಣ್ಣವನ್ನಲ್ಲ, ಮೂಗಿನ ತಂತಿಯನ್ನು. ಹೆಬ್ಬೆರಳಿನಿಂದ ಸವರಿದರು. ಅವರ ಮುಖ ಅರಳಿದ್ದನ್ನು ಕನ್ನಡಕದವನು ಸಾಯುವವರೆಗೆ ಮರೆಯಲಾರ.

"ನೋಡಯ್ಯಾ ಇಲ್ಲಿ. ಕೈಯಲ್ಲಿ ಬಗ್ಗಿಸಿದಾರೆ. ಅಂದ್ರೆ ತೊಟ್ಟಿ ಹತ್ರ ಯಾರೋ ಕೂತಿದಾನೆ!"

"ಕೂತಿರಬೇಕು, ಭಾವ," ಎಂದ ಇವನು.

ಇಷ್ಟೇ ಅವನು ಹೇಳಿದ್ದು. ಆವತ್ತು ಭಾವ ಎರಡು ಸಲ ಬಡಿಸಿಕೊಂಡು ಉಂಡರು ಎಂದು ಅಕ್ಕ ಬಂದು ಹೇಳಿದಾಗ ನಿಜ ಹೇಳುವ ಬಾಯಿಗೆ ಬೀಗ ಬಿತ್ತು. ಅಕ್ಕನಿಗೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಭಾವನಿಗೆ ಹೋಗುವ ಪ್ರತಿಯೊಂದು ದೋಣಿ ಮಾರ್ಕಿನ ಮೀನೂ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಈಜಿಯೇ ಹೋಗುತ್ತಿತ್ತು. ಗಾಳದ ಅಂಗಡಿಯಾಕೆಗೆ ಮಾತ್ರ ವಿಷಯ ಗೊತ್ತಿತ್ತು, ಅವಳು ಡಬ್ಬಿಗಳನ್ನು ಮೊದಲು ಈಚೆ ದಾಟಿಸುತ್ತಿದ್ದಳು. ಭಾವ ಮತ್ತೆ ಮನುಷ್ಯರಾದರು. ಕೆರೆ ದಂಡೆಗೆ ಹೋದರು, ಅಂಗಡಿಯ ಜಗಳಕ್ಕೂ ಇಳಿದರು. ಕಾರ್ಖಾನೆಯ ಆ ಹೊಸಬನ ಗುಣಗಾನವಂತೂ ಕೇಳಿ ಕೇಳಿ ಇವನ ಕಿವಿ ತೂತಾಯಿತು. ಹೊಸಬನ ಕೈ ಹಗುರ. ಹೊಸಬನಿಗೆ ಅವಸರವಿಲ್ಲ. "ನೀನೂ ಇಕ್ಕಳ ಹಿಡೀತೀಯ, ಅವನೂ ಹಿಡೀತಾನೆ. ಕಲಿತ್ಕೋ," ಎಂದು ಭಾವ ಭಾಮೈದನನ್ನು ಚುಚ್ಚುತ್ತಿದ್ದರು. ಇಲ್ಲದ ಮನುಷ್ಯನೊಬ್ಬನ ಮೇಲೆ, ಅದೂ ತಾನೇ ಆಗಿರುವ ಮನುಷ್ಯನ ಮೇಲೆ, ಹೊಟ್ಟೆಕಿಚ್ಚು ಪಡುವ ಗತಿ ಕನ್ನಡಕದವನಿಗೆ ಬಂತು. ಒಳಗೊಳಗೇ ಖುಷಿಯೂ ಆಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ.

ಆದರೆ ಭಾವ ಸುಮ್ಮನೆ ಖುಷಿಪಡುವ ಜಾತಿಯಲ್ಲ, ನಾಲ್ಕು ಜನಕ್ಕೆ ಹೇಳುವ ಜಾತಿ. ದೋಣಿ ಮಾರ್ಕು ಹಾಗೇ ಇದೆ, ಕಣ್ಣು ಮುಚ್ಚಿ ತಗೊಳ್ಳಿ, ನನ್ನ ಮಾತು ನಂಬಿ ಎಂದರು. ಜನ ನಂಬಿದರು. ಕೊಂಡರು. ಅವರು ಕೊಂಡ ಮೀನುಗಳನ್ನು ಯಾರೂ ಒಗೆಯುವ ತೊಟ್ಟಿಯಲ್ಲಿ ಎಳೆದು ನೋಡಿರಲಿಲ್ಲ.

ಮೊದಲು ಬಂದವನು ಬೇಕರಿಯವನು. ಕನ್ನಡಕದ ಸ್ಕ್ರೂ ಬಿಗಿ ಮಾಡಿಸುವ ನೆಪದಲ್ಲಿ ಕೂತು, ಜೇಬಿನಿಂದ ಮೀನು ತೆಗೆದು ಮೇಜಿನ ಮೇಲಿಟ್ಟ. "ಇದು ಈಜಲ್ಲ ರೀ, ಹೊರಳಾಡುತ್ತೆ. ಬೇಜಾರು ಮಾಡ್ಕೋಬೇಡಿ, ನಿಮ್ಮ ಭಾವನಿಗೆ ಕಂಪನಿಯವರು ಏನಾದ್ರೂ ಕೊಡ್ತಾರಾ?"

ಕನ್ನಡಕದವನ ಮುಖಕ್ಕೆ ಹೊಡೆದ ಹಾಗಾಯಿತು. ಒಂದು ತುತ್ತಿಗೂ ಸುಳ್ಳು ಹೇಳದ ಮನುಷ್ಯನ ಮೇಲೆ ಈ ಮಾತು. ಸ್ಕ್ರೂ ಬಿಗಿ ಮಾಡಿ, ಮೀನನ್ನೂ ಸರಿ ಮಾಡಿ ಕೊಟ್ಟ. ಮರುದಿನ ಇನ್ನಿಬ್ಬರು ಬಂದರು. ಅವರದನ್ನೂ ಸರಿ ಮಾಡಿದ. ಊರಿನ ಮೀನನ್ನೆಲ್ಲ ಹೀಗೆ ಎಷ್ಟು ದಿನ ನೆಟ್ಟಗೆ ಮಾಡುತ್ತಾನೆ? ಹೇಳಿದರೆ ಭಾವ ಮತ್ತೆ ತಟ್ಟೆ ಬಿಟ್ಟು ಏಳುತ್ತಾರೆ. ಹೇಳದಿದ್ದರೆ ಅವರ ಹೆಸರು ಮಣ್ಣುಪಾಲಾಗುತ್ತದೆ, ಮಣ್ಣು ಹಾಕುತ್ತಿರುವವನು ತಾನೇ. ನಾಳೆ ಹೇಳಿದರಾಯಿತು ಎಂದು ಅವನು ದಿನ ತಳ್ಳಿದ. ಹೇಡಿತನಕ್ಕೆ ಕನಿಕರ ಎಂದು ಹೆಸರಿಟ್ಟುಕೊಳ್ಳುವುದರಲ್ಲಿ ನಮ್ಮ ಕನ್ನಡಕದವನೇನೂ ಮೊದಲಿಗನಲ್ಲ.

ಕೊನೆಗೆ ಬೇಕರಿಯವನು ಕೆರೆ ದಂಡೆಯ ಮೇಲೆ ಎಲ್ಲರೆದುರಿಗೆ ಹೊಸದಾಗಿ ಕೊಂಡ ಇನ್ನೊಂದು ಮೀನನ್ನು ತೋರಿಸಿ, ಇದ್ಯಾಕೆ ಹೊರಳಾಡುತ್ತದೆ ಎಂದು ಭಾವನನ್ನೇ ಕೇಳಿಬಿಟ್ಟ. ಭಾವ ಸಿಟ್ಟಾಗಲಿಲ್ಲ. ಚಿಂತೆಗೆ ಬಿದ್ದರು. ಮನೆಗೆ ಬಂದು ಅಕ್ಕನಿಗೆ, "ಪಾಪ, ಒಬ್ಬನೇ ಕೂತು ಎಷ್ಟು ಅಂತ ನೋಡ್ತಾನೆ. ಆತುರ ಪಡಿಸ್ತಿದಾರೆ ಅವನನ್ನ. ನಾನು ಹೋಗಿ ಒಂದು ಮಾತು ಹೇಳಿ ಬರ್ತೀನಿ," ಎಂದರು. ಅಕ್ಕ ಅಂಗಿಗೆ ಇಸ್ತ್ರಿ ಹಾಕಿದಳು. "ನೀನೂ ಜೊತೆಗೆ ಹೋಗೋ," ಎಂದಳು ತಮ್ಮನಿಗೆ.

ಬಸ್ಸಿನಲ್ಲಿ ಹೇಳಿಬಿಡಬೇಕೆಂದು ಹೊರಟವನು ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತ. ಇಳಿದು ಕಾರ್ಖಾನೆಯ ಬೀದಿ ಹಿಡಿದಾಗ ಭಾವನ ನಡಿಗೆ ಚುರುಕಾಯಿತು. ಹೊಸಬನಿಗೆ ಏನು ಹೇಳಬೇಕೆಂದು ಜೋರಾಗಿಯೇ ಅಭ್ಯಾಸ ಮಾಡುತ್ತಿದ್ದರು. "ಮೀನನ್ನ ನೋಡಬೇಡಪ್ಪ, ಅದರ ಹಿಂದೆ ಏಳೋ ನೀರನ್ನ ನೋಡು. ನೀರು ಎರಡೂ ಕಡೆ ಸಮ ಇದ್ರೆ ಮೀನು ಸರಿ ಇದೆ ಅಂತ. ಇದನ್ನ ನಂಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಕಂಡುಕೊಂಡಿದ್ದು. ಇವನಿಗೆ ಹೇಳಿಬಿಡಬೇಕು."

ಗೇಟು ಕಾಣುತ್ತಿತ್ತು. ಎದುರಿಗೆ ಬಸ್ಸಿಗೆ ಕಾಯುವವರ ಕಲ್ಲು ಬೆಂಚು. ಕನ್ನಡಕದವನು ನಿಂತುಬಿಟ್ಟ.

"ಭಾವ, ಒಂದು ನಿಮಿಷ ಕೂತ್ಕೊಳ್ಳಿ."

"ಯಾಕೆ, ಕಾಲು ನೋವಾ?"

"ಆ ತಂತಿ ಬಗ್ಗಿಸ್ತಿದ್ದದ್ದು ನಾನು."

ಭಾವನಿಗೆ ಅರ್ಥವಾಗಲಿಲ್ಲ. ಇವನು ಮೊದಲಿನಿಂದ ಹೇಳಿದ: ಒಗೆಯುವ ತೊಟ್ಟಿ, ಇಕ್ಕಳ, ಅಂಗಡಿಯಾಕೆ ದಾಟಿಸಿದ ಡಬ್ಬಿಗಳು. ಹೇಳುವಾಗ ತಲೆ ಎತ್ತಲಿಲ್ಲ. ಬೈಗುಳಕ್ಕೆ ಕಾದ.

"ಎಲ್ಲಾನೂ?" ಎಂದರು ಭಾವ.

"ಎಲ್ಲಾನೂ, ಭಾವ."

"ಹಾಗಾದ್ರೆ ಅಲ್ಲಿ ಯಾರೂ ಕೂತಿಲ್ಲ."

ಭಾವ ಬೆಂಚಿನಿಂದ ಎದ್ದು, ಇಸ್ತ್ರಿ ಅಂಗಿಯನ್ನು ಕೆಳಗೆಳೆದುಕೊಂಡು, "ಬಂದಿದ್ದು ಬಂದಾಯ್ತು, ನೋಡಿ ಬರ್ತೀನಿ. ನೀನು ಬರಬೇಡ," ಎಂದು ಹೋದರು. ಕಾವಲಿನವನ ಹತ್ತಿರ ಏನೋ ಹೇಳಿದರು, ಅವನು ಒಳಗೆ ಬಿಟ್ಟ. ಹೋದಷ್ಟೇ ಬೇಗ ಹೊರಗೆ ಬಂದರು.

"ತೊಟ್ಟಿ ಇದೆ," ಎಂದರು. "ನೀರಿಲ್ಲ. ರಟ್ಟಿನ ಪೆಟ್ಟಿಗೆ ತುಂಬಿಟ್ಟಿದಾರೆ."

ವಾಪಸು ಬಸ್ಸಿನಲ್ಲಿ ಭಾವ ಬೇರೆ ಸೀಟಿನಲ್ಲಿ ಕೂತರು. ಊರು ಹತ್ತಿರವಾದಾಗ ಎದ್ದು ಬಂದು, ಕಂಬಿ ಹಿಡಿದು, ಇವನ ಪಕ್ಕ ನಿಂತರು. "ಕೆಟ್ಟದಾಗಿ ಬಗ್ಗಿಸಿದ್ರೆ ನಂಗೆ ಅವತ್ತೇ ಗೊತ್ತಾಗ್ತಿತ್ತು," ಎಂದರು. "ಚೆನ್ನಾಗಿ ಬಗ್ಗಿಸಿದ್ಯಲ್ಲ, ಅದಕ್ಕೇ ನಾನು ಅಷ್ಟು ಜನಕ್ಕೆ ಸುಳ್ಳು ಹೇಳೋ ಹಾಗಾಯ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು ಎಂದು ಕನ್ನಡಕದವನಿಗೆ ಅನ್ನಿಸಿತು. ಅವನು ಆವತ್ತು ಬಸ್ಸಿನಲ್ಲಿ, ಜನರ ನಡುವೆ, ಕಣ್ಣೊರೆಸಿಕೊಂಡ.

ಆಮೇಲೆ ಭಾವ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಉಣ್ಣುತ್ತಿದ್ದಾರೆ ಎಂದಳು ಅಕ್ಕ, ಬಡಿಸಿದ್ದಷ್ಟನ್ನು. ತಮ್ಮನ ಮೇಲೆ ಅವಳಿಗೂ ಕೋಪವಿತ್ತು. ಮುಚ್ಚಿಟ್ಟದ್ದಕ್ಕೋ ಬಿಚ್ಚಿಟ್ಟದ್ದಕ್ಕೋ ಅವಳೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಅವನು ಗಿರಾಕಿಯೊಬ್ಬಳ ಕಿವಿಯ ಹಿಂದೆ ಕನ್ನಡಕದ ಕಾಲನ್ನು ಅಳತೆಗೆ ಕೂರಿಸುತ್ತಿದ್ದಾಗ ಹಲಗೆಯ ಆಚೆ ಭಾವನ ಕೆಮ್ಮು ಕೇಳಿಸಿತು. ಹೊಸದಾಗಿ ಗಾಳದ ಚಟ ಹತ್ತಿಸಿಕೊಂಡ ಬಸ್ ಕಂಡಕ್ಟರೊಬ್ಬ ಅವರನ್ನು ಏನೋ ಕೇಳುತ್ತಿದ್ದ.

"ಹೊಳೆಗಾದ್ರೆ ಗಂಟೆ ಮಾರ್ಕಿನ ಚಮಚ ತಗೋ," ಎಂದರು ಭಾವ. "ಜೊಂಡು ಇರೋ ಕಡೆ ಕಪ್ಪೆ ಮಾರ್ಕು. ಸಮುದ್ರಕ್ಕೆ ಹೋಗ್ತೀಯ? ಹೋದ್ರೆ ಲಂಗರು. ನೋಡೋಕೆ ಚೆನ್ನಾಗಿಲ್ಲ ಅಂತ ಬಿಡಬೇಡ."

ಇಷ್ಟು ವರ್ಷ ಜಗಳವಾಡಿ ಭಾವನ ಬಾಯಿಂದ ಹೊರಡಿಸಲಾಗದೆ ಹೋದ ಮಾತುಗಳು, ಒಂದಕ್ಷರ ಆಚೀಚೆಯಿಲ್ಲದೆ ಬಂದವು. ಕನ್ನಡಕದವನ ಕೈ ಗಿರಾಕಿಯ ಕಿವಿಯ ಹತ್ತಿರವೇ ನಿಂತುಹೋಯಿತು.

"ದೋಣಿ ಮಾರ್ಕು ಹೇಗೆ, ಸಾರ್?" ಎಂದ ಕಂಡಕ್ಟರು. "ನೀವು ಅದನ್ನೇ ಹೇಳ್ತೀರಿ ಅಂತ ಕೇಳಿದ್ದೆ."

ಆಚೆ ಕಡೆ ಡಬ್ಬಿಯೊಂದನ್ನು ತೆರೆದು ಮುಚ್ಚಿದ ಸದ್ದು ಕೇಳಿಸಿತು.

"ಅದನ್ನ ಮಾಡ್ತಿದ್ದವರು ಈಗ ಇಲ್ಲಪ್ಪ," ಎಂದರು ಭಾವ.

ಕನ್ನಡಕದವನು ಎಂದಿನಂತೆ ಈಚೆಯಿಂದ ಏನಾದರೂ ಹೇಳಲು ಬಾಯಿ ತೆರೆದ. ಹಾಗೇ ಮುಚ್ಚಿ, ಗಿರಾಕಿಯ ಕನ್ನಡಕದ ಕಾಲನ್ನು ಮತ್ತೆ ಅಳತೆಗೆ ಕೂರಿಸತೊಡಗಿದ. ಭಾವ ಮೆಟ್ಟಿಲಿಳಿದು ಅವನ ಬಾಗಿಲ ಮುಂದೆಯೇ ಹಾದು ಮನೆಯ ಕಡೆ ನಡೆದರು.